ಗಿಟಾರ್ ಸದ್ದು ಕೆಡೋದು ಮೊದಲ ಹತ್ತು ಅಡಿಯಲ್ಲೇ

(ಸುಗಮ ಸಂಗೀತಕ್ಕೆ ಗಿಟಾರ್ ನುಡಿಸುವ ಹುಡುಗ ಹುಡುಗಿಯರ ಒಂದು ಸಣ್ಣ ಗುಂಪಿನ ಮುಂದೆ ಆಡಿದ ಮಾತುಗಳಿವು. ಅಲ್ಲಿ ಗಿಟಾರ್ ತೊಡೆಯ ಮೇಲಿತ್ತು, ಇಲ್ಲಿ ಇಲ್ಲ. ನುಡಿಸಿ ತೋರಿಸಿದ್ದನ್ನೆಲ್ಲ ಆದಷ್ಟು ಮಾತಲ್ಲೇ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನನ್ನ ಮಾನ ಹೋದ ಕತೆ ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು.

ಸುಮಾರು ಇಪ್ಪತ್ತು ವರ್ಷದ ಹಿಂದೆ, ಒಂದು ಸಣ್ಣ ಊರಿನ ಗಣೇಶನ ಪೆಂಡಾಲು. ಭಾವಗೀತೆ ಕಾರ್ಯಕ್ರಮ. ಹಾರ್ಮೋನಿಯಂ, ತಬಲಾ, ಕೊಳಲು, ಒಂದು ಕೀಬೋರ್ಡು, ಮೂಲೆಯಲ್ಲಿ ನಾನು. ಗಿಟಾರ್ ಒಳಗೆ ಪಿಕಪ್, ಅಂದರೆ ತಂತಿಯ ನಡುಕವನ್ನು ವಿದ್ಯುತ್ ಸಿಗ್ನಲ್ ಮಾಡುವ ಸಾಧನ, ಹಾಕಿಸಿ ಇನ್ನೂ ಒಂದು ವಾರ ಆಗಿರಲಿಲ್ಲ. ಸೌಂಡ್‌ನವರು ಎಲ್ಲ ವಾದ್ಯ, ಮೈಕುಗಳ ಸದ್ದು ಸೇರಿಸುವ ಮಿಕ್ಸರ್ ಕಡೆಯಿಂದ ಒಂದು ಉದ್ದನೆಯ ವೈರ್ ಎಸೆದರು. ಅದರ ತುದಿಯ ದಪ್ಪ ಪಿನ್ನು, ಪಿ-38 ಅನ್ನುತ್ತಾರೆ, ಗಿಟಾರಿಗೆ ಸಿಕ್ಕಿಸಿದೆ, ಮೊದಲ ಕಾರ್ಡ್ ಬಾರಿಸಿದೆ. ಸ್ಟೀಲ್ ತಟ್ಟೆಯ ಮೇಲೆ ಚಮಚ ಬಿದ್ದ ಹಾಗೆ ಕೇಳಿಸಿತು. ನನಗೇ ಗಾಬರಿ. "ಅಣ್ಣಾ, ಗಿಟಾರ್‌ಗೆ ಸ್ವಲ್ಪ ಬಾಸ್ ಕೊಡಿ" ಅಂದೆ. ಕೊಟ್ಟರು. ತಟ್ಟೆ ಸದ್ದು ಹಾಗೇ ಇತ್ತು, ಜೊತೆಗೆ ಕೆಳಗಿನಿಂದ "ಹೂಂ" ಅಂತ ಒಂದು ಕೂಗು ಎದ್ದಿತು. ಗಾಯಕಿ ತಿರುಗಿ ನೋಡಿದರು. ಮೂರನೇ ಹಾಡಿಗೆ ಸೌಂಡ್‌ನವರು ನನ್ನ ಫೇಡರ್, ಅಂದರೆ ಸದ್ದು ಏರಿಳಿಸುವ ಜಾರುಗುಂಡಿ, ಪೂರ್ತಿ ಇಳಿಸಿಬಿಟ್ಟಿದ್ದರಂತೆ. ಅದು ನನಗೆ ಗೊತ್ತಾಗಿದ್ದು ಊಟದ ಹೊತ್ತಿಗೆ, ಅಮ್ಮ "ನಿನ್ನ ಗಿಟಾರ್ ಕೇಳಿಸಲೇ ಇಲ್ಲವಲ್ಲೋ" ಅಂದಾಗ.

ಎಷ್ಟೋ ವರ್ಷ ಆ ಸೌಂಡ್‌ನವರನ್ನು ಮನಸ್ಸಲ್ಲೇ ಬೈದುಕೊಂಡು ಓಡಾಡಿದ್ದೇನೆ. ತಪ್ಪು ಅವರದ್ದಾಗಿರಲಿಲ್ಲ. ನನ್ನ ಗಿಟಾರ್‌ನ ಒಳಗಿನಿಂದ ಸದ್ದು ಹೊರಟು ಮೊದಲ ಹತ್ತು ಅಡಿ ದಾಟುವ ಹೊತ್ತಿಗೆ ಅದರ ಜೀವ ಹೋಗಿತ್ತು. ಅವರ ಕೈಗೆ ಸಿಕ್ಕಿದ್ದು ಬರೀ ಹೊಟ್ಟು. ಇವತ್ತು ನಾನು ಹೇಳಬೇಕು ಅಂತಿರುವುದು ಬಹುಪಾಲು ಆ ಹತ್ತು ಅಡಿಯ ವಿಷಯ.

ಗಿಟಾರ್‌ನ ತಂತಿಗಳು ಕೆಳಗೆ ಒಂದು ಬಿಳಿ ಪಟ್ಟಿಯ ಮೇಲೆ ಕೂತಿರುತ್ತವೆ, ಅದು ಸ್ಯಾಡಲ್. ನಮ್ಮಲ್ಲಿ ಮುಕ್ಕಾಲು ಪಾಲು ಗಿಟಾರ್‌ಗಳಲ್ಲಿ ಪಿಕಪ್ ಇರುವುದು ಅದರ ಅಡಿಯಲ್ಲಿ, ಒಂದು ತೆಳ್ಳನೆಯ ಪೀಜೋ ಪಟ್ಟಿ. ಒತ್ತಿದರೆ ವಿದ್ಯುತ್ ಹುಟ್ಟಿಸುವ ವಸ್ತು. ಈ ಗುಣವನ್ನು ಕಂಡುಹಿಡಿದವರು ಕ್ಯೂರಿ ಅಣ್ಣತಮ್ಮಂದಿರು, ಜಾಕ್ ಮತ್ತು ಪಿಯರ್, 1880ರಲ್ಲಿ. ಹೌದು, ಅದೇ ಪಿಯರ್ ಕ್ಯೂರಿ, ಮೇರಿ ಕ್ಯೂರಿಯವರ ಗಂಡ. ಇದನ್ನು ಗಿಟಾರ್‌ಗೆ ಹಾಕಿ ವೇದಿಕೆಗೆ ತಂದು ಹೆಸರು ಮಾಡಿದವರಲ್ಲಿ ಮುಖ್ಯರು ಅಮೆರಿಕದ ಓವೇಶನ್ ಕಂಪನಿಯವರು, 1960ರ ದಶಕದ ಕೊನೆಯಲ್ಲಿ. ಆ ಕಂಪನಿ ಕಟ್ಟಿದ ಚಾರ್ಲ್ಸ್ ಕಾಮನ್ ಹೆಲಿಕಾಪ್ಟರ್ ತಯಾರಿಸುತ್ತಿದ್ದ ಎಂಜಿನಿಯರ್. ನಡುಕ ಅಂದರೆ ಏನು ಅಂತ ಆತನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇಲ್ಲಿ ಒಂದು ಮಾತು ಮನಸ್ಸಿಗೆ ಇಳಿಯಬೇಕು. ಮನೆಯಲ್ಲಿ ನಿಮ್ಮ ಕಿವಿಗೆ ಬೀಳುವುದು ಮರದ ಪೆಟ್ಟಿಗೆ ಗಾಳಿಯನ್ನು ತಳ್ಳಿದ ಸದ್ದು. ಪೀಜೋಗೆ ಆ ಗಾಳಿಯ ಸಂಗತಿ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ತಂತಿ ಸ್ಯಾಡಲ್ ಮೇಲೆ ಎಷ್ಟು ಒತ್ತಿತು ಅನ್ನುವುದಷ್ಟೇ. ನೀವು ನುಡಿಸಿದ ಊಟವನ್ನು ಅದು ಬಾಯಲ್ಲಿಟ್ಟು ನೋಡುವುದಿಲ್ಲ, ತಟ್ಟೆಯ ತೂಕ ಹೇಳುತ್ತದೆ. ಹಾಗಾಗಿ "ಮನೇಲಿ ಬರೋ ಥರಾನೇ ಬರಬೇಕು" ಅಂತ ಸೌಂಡ್‌ನವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಆ ಮಾಹಿತಿ ವೈರ್ ಒಳಗೆ ಹೋಗಿಯೇ ಇಲ್ಲ.

ಇನ್ನು ಪೀಜೋದ ದೊಡ್ಡ ತೊಂದರೆ. ಅದರಲ್ಲಿ ಒತ್ತಡ ಇದೆ, ನೀರಿಲ್ಲ. ಬೆಂಗಳೂರಿನಲ್ಲಿ ಕಾವೇರಿ ನೀರು ಬಿಟ್ಟ ಹೊತ್ತಲ್ಲಿ ಕೆಳಗಿನ ಮನೆಯವರು ನಲ್ಲಿ ಪೂರ್ತಿ ತಿರುಗಿಸಿದರೆ ಮೇಲಿನ ಮನೆಯಲ್ಲಿ ಬರೀ ಗಾಳಿ ಬರುತ್ತದಲ್ವಾ, ಹಾಗೆ. ಮಿಕ್ಸರ್‌ನ ಲೈನ್ ಇನ್‌ಪುಟ್ ಅನ್ನುವುದು ಪೂರ್ತಿ ತಿರುಗಿಸಿದ ನಲ್ಲಿ. ಅದರ ಇಂಪೀಡೆನ್ಸ್, ಅಂದರೆ ಬರುವ ಸಿಗ್ನಲ್ಲಿಗೆ ಅದು ಒಡ್ಡುವ ತಡೆ, ಸಾಮಾನ್ಯವಾಗಿ 10 ಸಾವಿರ ಓಮ್ ಆಸುಪಾಸು. ಪೀಜೋಗೆ ಬೇಕಾಗಿರುವುದು 10 ಲಕ್ಷ ಓಮ್, ಅಂದರೆ 1 ಮೆಗಾಓಮ್, ಇನ್ನೂ ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು.

ಲೆಕ್ಕ ಬೇಕು ಅನ್ನುವವರಿಗೆ ಒಂದೇ ಲೆಕ್ಕ. ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಕಂಪನ ಅನ್ನುವುದು. ಪೀಜೋ ಪಟ್ಟಿಯನ್ನು 1 ನ್ಯಾನೋಫ್ಯಾರಡ್‌ನ ಕೆಪಾಸಿಟರ್ (ವಿದ್ಯುತ್ ಕೂಡಿಟ್ಟುಕೊಳ್ಳುವ ಭಾಗ) ಅಂತ ಇಟ್ಟುಕೊಳ್ಳಿ. ಅದನ್ನು 10 ಸಾವಿರ ಓಮ್‌ಗೆ ನೇರ ಚುಚ್ಚಿದರೆ ಸುಮಾರು 16,000 ಹರ್ಟ್ಜ್‌ನಿಂದ ಕೆಳಗೆ ಎಲ್ಲವೂ ಇಳಿಜಾರು. ಗಿಟಾರ್‌ನ ದಪ್ಪ ತಂತಿಯ ಸ್ವರ ಇರುವುದು 82 ಹರ್ಟ್ಜ್‌ನಲ್ಲಿ! 1 ಮೆಗಾಓಮ್ ಕೊಟ್ಟರೆ ಆ ಇಳಿಜಾರು 160 ಹರ್ಟ್ಜ್ ಹತ್ತಿರ ಶುರುವಾಗುತ್ತದೆ, 10 ಮೆಗಾಓಮ್ ಕೊಟ್ಟರೆ 16ರಲ್ಲಿ. ಅಂದರೆ ಅವತ್ತು ಪೆಂಡಾಲಿನಲ್ಲಿ ನನ್ನ ಗಿಟಾರ್‌ನ ಬಾಸ್ ಮಿಕ್ಸರ್ ಒಳಗೆ ಕಾಲಿಡುವ ಮೊದಲೇ ಸೋರಿ ಹೋಗಿತ್ತು. ಇಲ್ಲದ ಬಾಸನ್ನು ಆ ಅಣ್ಣ ಎಲ್ಲಿಂದ ತಂದು ಕೊಡಬೇಕು ಹೇಳಿ.

ವೈರ್ ಕೂಡ ತಿನ್ನುತ್ತದೆ. ಒಳ್ಳೆ ಗಿಟಾರ್ ಕೇಬಲ್‌ಗೂ ಮೀಟರಿಗೆ 100 ಪಿಕೋಫ್ಯಾರಡ್ ಆಸುಪಾಸು ಕೆಪಾಸಿಟನ್ಸ್ ಇರುತ್ತದೆ. 10 ಮೀಟರ್ ಎಳೆದರೆ ಅದೂ 1 ನ್ಯಾನೋಫ್ಯಾರಡ್ ಆಗಿ, ನಮ್ಮ ಲೆಕ್ಕದ ಪೀಜೋದಿಂದ ಬಂದ ಸದ್ದು ಅರ್ಧಕ್ಕೆ ಇಳಿಯುತ್ತದೆ. ಮಿಕ್ಸರ್‌ನವರು ಅದನ್ನು ಮತ್ತೆ ಎತ್ತುತ್ತಾರೆ, ಜೊತೆಗೆ ಜನರೇಟರ್ ಗೊರಗೊರ, ಸೀರಿಯಲ್ ಸೆಟ್ಟಿನ ಝುಂಯ್ ಎಲ್ಲ ಮೇಲೆ ಬರುತ್ತವೆ.

ಇಲ್ಲಿ ನಾನು ಒಂದೇ ಗಿಟಾರನ್ನು ಎರಡು ಥರ ಚುಚ್ಚಿ ನುಡಿಸಿ ತೋರಿಸಿದೆ. ಮೊದಲು ನೇರ ಮಿಕ್ಸರಿಗೆ. ಎಲ್ಲರೂ ನಕ್ಕರು, ಯಾಕೆಂದರೆ ಎಲ್ಲರಿಗೂ ಅದು ಗುರುತಿನ ಸದ್ದು. ಆಮೇಲೆ ಕಾಲ ಬಳಿ ಇಟ್ಟ ಸಣ್ಣ ಡಬ್ಬಿಯ ಮೂಲಕ. ಮಿಕ್ಸರ್‌ನಲ್ಲಿ ಟೋನ್ ಗುಂಡಿ ಒಂದನ್ನೂ ಮುಟ್ಟಲಿಲ್ಲ. ಹಿಂದಿನ ಸಾಲಿನ ಹುಡುಗ "ಸರ್, ಇದು ಬೇರೆ ಗಿಟಾರ್ ಥರ ಇದೆ" ಅಂದ.

ಆ ಡಬ್ಬಿಗೆ ಡಿಐ ಬಾಕ್ಸ್ ಅನ್ನುತ್ತಾರೆ. ಗಿಟಾರ್ ಕಡೆಗೆ ಅದು ಸಣ್ಣಗೆ ತಿರುಗಿಸಿದ ನಲ್ಲಿ, ಅಂದರೆ ಇಂಪೀಡೆನ್ಸ್ ಜಾಸ್ತಿ; ಮಿಕ್ಸರ್ ಕಡೆಗೆ ಅದಕ್ಕೆ ಹೊಂದುವ ಸಿಗ್ನಲ್ ಕಳಿಸುತ್ತದೆ. ಇದರಲ್ಲಿ ಎರಡು ಜಾತಿ. ಪ್ಯಾಸಿವ್ ಡಬ್ಬಿಯೊಳಗೆ ಟ್ರಾನ್ಸ್‌ಫಾರ್ಮರ್ ಒಂದೇ, ಅದು ಪೀಜೋಗೆ ಆಗುವುದಿಲ್ಲ, ಬ್ಯಾಟರಿ ಇರುವ ಗಿಟಾರ್‌ಗೆ ಆಗುತ್ತದೆ. ಆ್ಯಕ್ಟಿವ್ ಡಬ್ಬಿ ಬ್ಯಾಟರಿಯಲ್ಲೋ ಮಿಕ್ಸರಿನಿಂದ ಬರುವ 48 ವೋಲ್ಟ್ ಕರೆಂಟು, ಅಂದರೆ ಫ್ಯಾಂಟಮ್‌ನಲ್ಲೋ ನಡೆಯುತ್ತದೆ, ಅದೇ ನಮಗೆ ಬೇಕಾದ್ದು. ಡಬ್ಬಿಯಿಂದ ಆಚೆ ಮೂರು ಪಿನ್ನಿನ ಮೈಕ್ ಕೇಬಲ್, ಹೊರಗಿನ ಗೊರಗೊರ ಸೇರದಂತೆ ತಡೆಯುವ ಬ್ಯಾಲೆನ್ಸ್ಡ್ ಲೈನ್. ಅದನ್ನು ಐವತ್ತು ಮೀಟರ್ ಎಳೆದರೂ ಚಿಂತೆ ಇಲ್ಲ. ಇನ್ನೂ ಸ್ವಲ್ಪ ದುಡ್ಡಿದ್ದರೆ ಡಿಐ ಜೊತೆ ಟೋನ್ ಗುಂಡಿಗಳೂ ಇರುವ ಪ್ರೀಆ್ಯಂಪ್, ಅಂದರೆ ಪಿಕಪ್ಪಿನ ಸಣ್ಣ ಸಿಗ್ನಲನ್ನು ಬಲಪಡಿಸುವ ಡಬ್ಬಿ, ಸಿಗುತ್ತದೆ. ಫಿಶ್‌ಮನ್, ಎಲ್.ಆರ್. ಬ್ಯಾಗ್ಸ್ ಥರದವರು ಮಾಡುತ್ತಾರೆ. ಹೊಸ ಗಿಟಾರ್‌ಗೆ ದುಡ್ಡು ಕೂಡಿಸುತ್ತಿದ್ದೀರಾ? ಅದರಲ್ಲಿ ಸ್ವಲ್ಪ ತೆಗೆದು ಮೊದಲು ಇದನ್ನು ಕೊಳ್ಳಿ. ಸಾಧಾರಣ ಗಿಟಾರ್ ಮತ್ತು ಒಳ್ಳೆ ಡಬ್ಬಿ ಇರುವವನು, ಒಳ್ಳೆ ಗಿಟಾರ್ ಇದ್ದು ಡಬ್ಬಿ ಇಲ್ಲದವನಿಗಿಂತ ವೇದಿಕೆಯಲ್ಲಿ ಚೆನ್ನಾಗಿ ಕೇಳಿಸುತ್ತಾನೆ. ಇದು ನನ್ನ ಅಭಿಪ್ರಾಯ, ಗಿಟಾರ್ ಅಂಗಡಿಯವರು ಒಪ್ಪಲಿಕ್ಕಿಲ್ಲ.

ನಿಮ್ಮ ಗಿಟಾರ್‌ನ ಪಕ್ಕದಲ್ಲಿ ಗುಂಡಿಗಳಿದ್ದು 9 ವೋಲ್ಟ್ ಬ್ಯಾಟರಿ ಹಾಕುವ ಜಾಗ ಇದ್ದರೆ ಪ್ರೀಆ್ಯಂಪ್ ಒಳಗೇ ಇದೆ, ಅರ್ಧ ಕೆಲಸ ಆಗಿದೆ. ಆದರೆ ಪಿನ್ ಸಿಕ್ಕಿಸಿದ ಕೂಡಲೇ ಆ ಬ್ಯಾಟರಿ ಆನ್ ಆಗುತ್ತದೆ. ನುಡಿಸದಿದ್ದಾಗಲೂ ಪಿನ್ ಸಿಕ್ಕಿಸಿಯೇ ಇಟ್ಟರೆ ಬ್ಯಾಟರಿ ಸುಮ್ಮನೆ ಖರ್ಚಾಗುತ್ತಿರುತ್ತದೆ. ಅದು ಒಮ್ಮೆಲೇ ಸಾಯುವುದಿಲ್ಲ, ಎರಡನೇ ಹಾಡಿನಲ್ಲಿ ಗೊರ್ರ್ ಅಂತ ಶುರುವಾಗುತ್ತದೆ, ನೀವು ಕೇಬಲ್ ಹಾಳಾಗಿದೆ ಅಂತ ಕೇಬಲ್ ಬದಲಿಸುತ್ತಾ ಕೂರುತ್ತೀರಿ. ಬ್ಯಾಗಲ್ಲಿ ಇನ್ನೊಂದು ಬ್ಯಾಟರಿ ಇರಲಿ.

ಕೇಬಲ್ ಅಂದೆನಲ್ಲ. ಗಿಟಾರ್‌ನಿಂದ ಡಬ್ಬಿಗೆ ಹೋಗುವ ಕೇಬಲ್ ನಿಮ್ಮದೇ ಇರಬೇಕು, ಮೂರು ಮೀಟರ್ ಸಾಕು. ಬೆಂಗಳೂರಿನವರಾದರೆ ಎಸ್.ಪಿ. ರೋಡಿಗೆ ಹೋಗಿ, ಶೀಲ್ಡ್ ಇರುವ ವೈರ್ ಮತ್ತು ಒಳ್ಳೆಯ ಎರಡು ಜ್ಯಾಕ್ ತಂದು ನೀವೇ ಬೆಸುಗೆ ಹಾಕಿ. ಸೋಲ್ಡರ್ ಮಾಡುವುದನ್ನು ಕಲಿಯಲಿಕ್ಕೆ ಒಂದು ಸಂಜೆ ಸಾಕು. ಬೆಸುಗೆ ಹೊಳೆಯಬೇಕು. ಮಂಕಾಗಿ ಉಂಡೆ ಕಟ್ಟಿದ್ದರೆ ಒಳಗೆ ಹಿಡಿದಿಲ್ಲ ಅಂತ ಅರ್ಥ, ಮತ್ತೆ ಬಿಸಿ ಮಾಡಿ.

ಇದಕ್ಕೂ ಹಿಂದೆ, ಗಿಟಾರ್ ಒಳಗೇ ಒಂದು ತೊಂದರೆ ಇರಬಹುದು. ಪಿಕಪ್ ಹಾಕಿಸಿದ ಮೇಲೆ ಒಂದು ತಂತಿ ಜೋರು, ಪಕ್ಕದ್ದು ಮೆಲ್ಲಗೆ ಕೇಳಿಸುತ್ತದಾ? ಎಷ್ಟೋ ಜನ ಬೆರಳಿನ ತಪ್ಪು ಅಂದುಕೊಂಡು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ಸ್ಯಾಡಲ್‌ನ ಅಡಿಭಾಗ ಮಟ್ಟವಾಗಿಲ್ಲ ಅಷ್ಟೆ, ಪಟ್ಟಿಯ ಮೇಲೆ ಎಲ್ಲ ಕಡೆ ಒಂದೇ ಥರ ಕೂತಿಲ್ಲ. ತಂತಿ ಸಡಿಲಿಸಿ ಸ್ಯಾಡಲ್ ಎತ್ತಿ, ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ, ಸ್ಯಾಡಲನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಎಳೆಯಿರಿ. ಮೊದಲು ಅಡಿಗೆ ಪೆನ್ಸಿಲ್ ಬಳಿದುಕೊಳ್ಳಿ. ಪೆನ್ಸಿಲ್ ಗೆರೆ ಎಲ್ಲೆಲ್ಲಿ ಉಳಿದಿದೆಯೋ ಅದು ತಗ್ಗು. ಗೆರೆ ಪೂರ್ತಿ ಹೋದರೆ ಮಟ್ಟ ಆಯಿತು. ಜಾಸ್ತಿ ಉಜ್ಜಿದರೆ ತಂತಿ ತಗ್ಗಿ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ, ಅಂದರೆ ಫ್ರೆಟ್‌ಗೆ ತಗಲುತ್ತದೆ, ಹುಷಾರು.

ಈಗ ಆ "ಹೂಂ" ಅನ್ನುವ ಕೂಗಿಗೆ ಬರುತ್ತೇನೆ. ಎಲ್ಲರಿಗೂ ಭಯ ಇರುವುದು ಇದರದ್ದೇ.

ಗಿಟಾರ್ ಅಂದರೆ ಬಾಯಿ ಇರುವ ಪೆಟ್ಟಿಗೆ. ಖಾಲಿ ಬಾಟಲಿ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ಲ, ಇದಕ್ಕೂ ಹಾಗೆ ಒಂದು ಸ್ವಂತ ಸ್ವರ ಇದೆ. ದೊಡ್ಡ ಮೈಯ ಗಿಟಾರ್‌ಗಳಲ್ಲಿ ಅದು ಸುಮಾರು 90ರಿಂದ 110 ಹರ್ಟ್ಜ್ ನಡುವೆ. ಮಾನಿಟರಿನಿಂದ, ಅಂದರೆ ನಮಗೆ ಕೇಳಿಸಲೆಂದು ವೇದಿಕೆಯ ಮೇಲಿಟ್ಟ ಸ್ಪೀಕರಿನಿಂದ, ಆ ಸ್ವರ ಬಂದ ತಕ್ಷಣ ಪೆಟ್ಟಿಗೆ ತಾನಾಗಿ ಅದುರುತ್ತದೆ, ಪಿಕಪ್ ಅದನ್ನು ಮತ್ತೆ ಮಾನಿಟರಿಗೆ ಕಳಿಸುತ್ತದೆ, ಸುತ್ತು ಶುರು. ಈಗ ನಮ್ಮ ಭಾವಗೀತೆಯವರಿಗೆ ಇದರಲ್ಲಿ ಒಂದು ವಿಶೇಷ ಗ್ರಹಚಾರ. ಎಷ್ಟೋ ಗಾಯಕಿಯರ ಶ್ರುತಿ ಐದು ಮನೆ ಅಥವಾ ಐದೂವರೆ ಮನೆ, ಅಂದರೆ ಕೀಬೋರ್ಡಿನ ಜಿ ಅಥವಾ ಜಿ ಶಾರ್ಪ್. ಗಿಟಾರ್‌ನ ದಪ್ಪ ತಂತಿಯ ಮೂರನೇ ಫ್ರೆಟ್ಟಿನಲ್ಲಿ ಐದು ಮನೆಯ ಷಡ್ಜ, 98 ಹರ್ಟ್ಜ್. ನಾಲ್ಕನೇ ಫ್ರೆಟ್ಟಿನಲ್ಲಿ ಐದೂವರೆ, 104. ಪೆಟ್ಟಿಗೆ ಕೂಗಲು ಕಾಯುತ್ತಿರುವುದೂ ಅಲ್ಲೇ! ಪ್ರತಿ ಸಾಲಿನ ಕೊನೆಗೆ ನೀವು ಷಡ್ಜಕ್ಕೆ ಬಂದು ನಿಲ್ಲುತ್ತೀರಿ, ಗಿಟಾರ್ ನಿಲ್ಲುವುದಿಲ್ಲ.

ನಿಮ್ಮ ಗಿಟಾರ್‌ನ ಸ್ವರ ಯಾವುದು ಅಂತ ಮನೆಯಲ್ಲೇ ಹುಡುಕಿಕೊಳ್ಳಿ. ತಂತಿಗಳ ಮೇಲೆ ಅಂಗೈ ಇಟ್ಟು ಸುಮ್ಮನಾಗಿಸಿ. ತೂತಿನ ಹತ್ತಿರ ಬಾಯಿ ತಂದು ಕೆಳಗಿನ ಸ್ವರದಲ್ಲಿ "ಊ" ಅನ್ನುತ್ತಾ ನಿಧಾನಕ್ಕೆ ಮೇಲೆ ಬನ್ನಿ. ಒಂದು ಕಡೆ ಪೆಟ್ಟಿಗೆ ಇಡೀ ಅದುರಿ ಎದೆಗೆ ತಗಲುತ್ತದೆ. ಆ ಸ್ವರ ನೆನಪಿಟ್ಟುಕೊಂಡು ದಪ್ಪ ತಂತಿಯಲ್ಲಿ ಎಷ್ಟನೇ ಫ್ರೆಟ್ ಅಂತ ನೋಡಿ. ಧ್ವನಿ ಅಷ್ಟು ಕೆಳಗೆ ಹೋಗದವರು ದಪ್ಪ ತಂತಿಯನ್ನು ಒಂದೊಂದೇ ಫ್ರೆಟ್ ನುಡಿಸುತ್ತಾ ಬನ್ನಿ, ಒಂದು ಕಡೆ ಮಿಕ್ಕವುಗಳಿಗಿಂತ ಧೊಂ ಅನ್ನುತ್ತದೆ. ನನ್ನ ಗಿಟಾರ್‌ನದ್ದು ಸರಿಯಾಗಿ ಮೂರನೇ ಫ್ರೆಟ್. ಪ್ರೀಆ್ಯಂಪಿನಲ್ಲಿ ನಾಚ್ ಅಂತ ಒಂದು ಗುಂಡಿ ಇದೆ, ಅದನ್ನು 98ಕ್ಕೆ ತಿರುಗಿಸಿಟ್ಟಿದ್ದೇನೆ, ಅಷ್ಟು ಸಣ್ಣ ಜಾಗವನ್ನು ಮಾತ್ರ ಅದು ಕತ್ತರಿಸುತ್ತದೆ, ಕೇಳುವವರಿಗೆ ಏನೂ ಕಮ್ಮಿ ಅನ್ನಿಸುವುದಿಲ್ಲ.

ಎರಡನೇ ಮದ್ದು ತೂತಿಗೆ ರಬ್ಬರ್ ಮುಚ್ಚಳ. ನೋಡಲು ಕೆಟ್ಟದಾಗಿರುತ್ತದೆ, ಕೆಲಸ ಮಾಡುತ್ತದೆ. ಪೀಜೋ ಗಾಳಿಯನ್ನು ಕೇಳುವುದೇ ಇಲ್ಲವಾದ್ದರಿಂದ ತೂತು ಮುಚ್ಚಿದರೂ ಸ್ಪೀಕರಿನ ಸದ್ದು ಹೆಚ್ಚು ಬದಲಾಗುವುದಿಲ್ಲ.

ಮೂರನೆಯದು ಪ್ರೀಆ್ಯಂಪಿನ ಫೇಸ್ (phase) ಬಟನ್. ಇದನ್ನು ಯಾಕೆ ಕೊಟ್ಟಿದ್ದಾರೆ ಅಂತಲೇ ಗೊತ್ತಿಲ್ಲದೆ ಹತ್ತು ವರ್ಷ ನುಡಿಸಿದವರಿದ್ದಾರೆ, ನಾನೂ ಒಬ್ಬ. 100 ಹರ್ಟ್ಜ್ ಸದ್ದಿನ ಒಂದು ಅಲೆ ಗಾಳಿಯಲ್ಲಿ ಸುಮಾರು ಮೂರೂವರೆ ಮೀಟರ್ ಉದ್ದ. ಸ್ಪೀಕರಿನಿಂದ ನೀವು ಕೂತ ದೂರಕ್ಕೆ ಸರಿಯಾಗಿ ಆ ಅಲೆ ತಂತಿಗೆ ಕುಮ್ಮಕ್ಕು ಕೊಡಬಹುದು, ಅಡ್ಡಗಾಲೂ ಹಾಕಬಹುದು. ಬಟನ್ ಒತ್ತಿದರೆ ಅಲೆ ತಲೆಕೆಳಗಾಗುತ್ತದೆ. ಎದ್ದು ಒಂದೂ ಮುಕ್ಕಾಲು ಮೀಟರ್ ಹಿಂದೆ ಹೋಗಿ ಕೂತ ಹಾಗೆ. ಯಾವ ಕಡೆ ಸರಿ ಅಂತ ಮೊದಲೇ ಹೇಳಲು ಆಗಲ್ಲ, ಎರಡೂ ಕಡೆ ಒತ್ತಿ ನೋಡಿ ಕಮ್ಮಿ ಕೂಗುವುದನ್ನು ಇಟ್ಟುಕೊಳ್ಳುವುದು.

ಟೋನ್ ವಿಷಯ. ನನ್ನದು ಒಂದೇ ಹಠ: ಏರಿಸುವ ಮೊದಲು ಇಳಿಸಿ ನೋಡಿ. ಪೀಜೋದ ಆ ಕ್ವ್ಯಾಕ್ ಕ್ವ್ಯಾಕ್ ಬಾತುಕೋಳಿ ಸದ್ದು ಹೆಚ್ಚಾಗಿ 1,500ರಿಂದ 2,500 ಹರ್ಟ್ಜ್ ಒಳಗೆ ಸಿಗುತ್ತದೆ, ಅಲ್ಲಿ ಮೂರು ನಾಲ್ಕು ಡೆಸಿಬೆಲ್ ಇಳಿಸಿ. 200 ಹರ್ಟ್ಜ್ ಹತ್ತಿರ ಡಬ್ಬ ಡಬ್ಬ ಅಂತಿದ್ದರೆ ಅಲ್ಲೂ ಸ್ವಲ್ಪ. ಅಷ್ಟು ಮಾಡಿದ ಮೇಲೆ ಟ್ರೆಬಲ್ ಬೇಕೇ ಅಂತ ಕೇಳಿಕೊಳ್ಳಿ, ಬಹಳ ಸಲ ಬೇಡ. ಮತ್ತೆ ಬಲಗೈ. ಜೋರಾಗಿ ಹೊಡೆದಷ್ಟೂ ಬಾತುಕೋಳಿ ಜಾಸ್ತಿ. ಮೈಕ್ ಇಲ್ಲದೆ ಹಿಂದಿನ ಸಾಲಿಗೆ ಕೇಳಿಸಬೇಕು ಅಂತ ಕಲಿತ ಹೊಡೆತ ಇಲ್ಲಿ ಬೇಡ. ಮೆಲ್ಲಗೆ ನುಡಿಸಿ, ಫೇಡರ್ ಏರಿಸಲು ಹೇಳಿ.

ತಬಲಾ ಜೊತೆ ನುಡಿಸುವಾಗ ನನ್ನ ಗಿಟಾರ್‌ಗೆ 100 ಹರ್ಟ್ಜ್ ಕೆಳಗೆ ಏನೂ ಇರುವುದಿಲ್ಲ, ಲೋ ಕಟ್ ಒತ್ತಿಸಿಬಿಡುತ್ತೇನೆ. ಆ ಜಾಗ ಡಗ್ಗಾದ್ದು, ತಬಲಾ ಜೋಡಿಯ ದಪ್ಪ ದನಿಯದ್ದು. ಅಲ್ಲಿ ಗಿಟಾರ್‌ನ ದಪ್ಪ ತಂತಿಯೂ ಸೇರಿದರೆ ತಬಲಾದವರ ಮೀಂಡ್ (ದನಿಯ ಜಾರು) ಕೆಸರಲ್ಲಿ ಕಾಲೆಳೆದ ಹಾಗೆ ಆಗುತ್ತದೆ. ಒಂಟಿಯಾಗಿ ಕೇಳಿದರೆ ನನ್ನ ಗಿಟಾರ್ ಆಗ ಬಡಕಲು. ಎಲ್ಲರ ಜೊತೆ ಕೇಳಿದರೆ ಬೆರಳಿನ ಒಂದೊಂದು ಎಳೆಯೂ ಕೇಳಿಸುತ್ತದೆ. ಹಾಡುವವರು ಒಬ್ಬರು, ಜೊತೆಗೆ ಗಿಟಾರ್ ಒಂದೇ ಅಂತಾದರೆ ಈ ಮಾತು ನಡೆಯಲ್ಲ, ಆಗ ಬಾಸೆಲ್ಲ ನಿಮ್ಮದೇ, ಬೇಕಾದಷ್ಟು ಇಟ್ಟುಕೊಳ್ಳಿ. ಎಕೋ ಬಗ್ಗೆ ಹೆಚ್ಚು ಹೇಳಲ್ಲ. ಗಾಯಕರಿಗೆ ಹಾಕಿದ ಎಕೋ ಗಿಟಾರ್‌ಗೂ ಬಂದಿದ್ದರೆ ತೆಗೆಸಿ.

ಒಂದು ವಿಷಯ ಮಾತ್ರ ತಮಾಷೆ ಬಿಟ್ಟು ಹೇಳುತ್ತೇನೆ. ಸ್ಪೀಕರಿನಲ್ಲಿ ಹಮ್, ಅಂದರೆ ಕರೆಂಟಿನ ಗುಂಯ್ ಸದ್ದು, ಬರುತ್ತಿದೆ ಅಂತ ಪ್ಲಗ್ಗಿನ ಅರ್ಥ್ ಪಿನ್ ಕಿತ್ತು, ಅಥವಾ ಪ್ಲಗ್ಗೇ ಇಲ್ಲದೆ ಬರೀ ವೈರನ್ನು ಸಾಕೆಟ್ಟಿಗೆ ಬೆಂಕಿಕಡ್ಡಿಯಲ್ಲಿ ಸಿಕ್ಕಿಸಿ ನಡೆಸುವುದನ್ನು ಜಾತ್ರೆ ವೇದಿಕೆಗಳಲ್ಲಿ ನೋಡಿದ್ದೇನೆ. ಅಂಥ ಕಡೆ ಕೈಯಲ್ಲಿ ತಂತಿ ಹಿಡಿದು ತುಟಿ ಮೈಕಿಗೆ ತಗಲಿಸಿದರೆ ಚುರ್ ಅನ್ನುತ್ತದೆ. ಚುರ್ ಅಂದಷ್ಟಕ್ಕೇ ನಿಂತರೆ ಪುಣ್ಯ. ಹಮ್ ಬಂದರೆ ಡಿಐ ಡಬ್ಬಿಯಲ್ಲೇ ಗ್ರೌಂಡ್ ಲಿಫ್ಟ್ ಅಂತ ಸ್ವಿಚ್ ಇರುತ್ತದೆ, ಅದನ್ನು ಒತ್ತಿ ನೋಡಿ, ಅದು ಸಿಗ್ನಲ್ ವೈರಿನ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ. ಕರೆಂಟಿನ ಅರ್ಥ್ ಯಾರೂ ಮುಟ್ಟುವುದು ಬೇಡ. ಅರ್ಥ್ ಇಲ್ಲ ಅಂತ ಖಚಿತವಾಗಿ ಗೊತ್ತಾದರೆ ನುಡಿಸಬೇಡಿ, ಸಂಘಟಕರಿಗೆ ಬೇಸರ ಆದರೆ ಆಗಲಿ.

ಸೌಂಡ್‌ನವರ ಜೊತೆ ಮಾತು ಹೇಗೆ ಅಂತ ಒಬ್ಬರು ನಡುವೆ ಕೇಳಿದರು. ಮೊದಲು ಹೆಸರು ಕೇಳಿ, ಒಟ್ಟಿಗೆ ಚಹಾ ಕುಡಿಯಿರಿ. ಆಮೇಲೆ ಪಿನ್ ಹಾಕುವ ಮೊದಲು, ತೆಗೆಯುವ ಮೊದಲು "ಅಣ್ಣಾ, ಮ್ಯೂಟ್" ಅನ್ನಿ. ಸ್ಪೀಕರಿನಲ್ಲಿ ಧಡ್ ಅಂತ ಒಮ್ಮೆ ಆದರೆ ಆ ಸಂಜೆ ಪೂರ್ತಿ ಅವರು ನಿಮ್ಮ ಫೇಡರ್ ಏರಿಸಲು ಹೆದರುತ್ತಾರೆ. ಸೌಂಡ್ ಚೆಕ್‌ನಲ್ಲಿ ಮೆಲ್ಲಗೆ ಟಿಂಗ್ ಟಿಂಗ್ ಅಂದು ಕಾರ್ಯಕ್ರಮದಲ್ಲಿ ಧಡಧಡ ಬಾರಿಸಬೇಡಿ. ನಿಮ್ಮ ಅತಿ ಜೋರಿನ ಹಾಡು ಯಾವುದೋ ಅದನ್ನೇ ನುಡಿಸಿ ತೋರಿಸಿ, ಗೇನ್ (ಒಳಬರುವ ಸದ್ದಿನ ಮಟ್ಟ) ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಮಾನಿಟರಿನಲ್ಲಿ ನಿಮ್ಮ ಗಿಟಾರ್ ಎಷ್ಟು ಕಮ್ಮಿ ಇದ್ದರೆ ನಡೆಯುತ್ತದೋ ಅಷ್ಟೇ ಕೇಳಿ.

ಕೊನೆಗೆ ಒಬ್ಬಳು ಹುಡುಗಿ ಎದ್ದು ನಿಂತಳು. "ಸರ್, ನನ್ನದು ಎಂಟು ಸಾವಿರದ ಗಿಟಾರ್, ಪಿಕಪ್ಪೇ ಇಲ್ಲ. ಬರೋ ಶುಕ್ರವಾರ ಕಾಲೇಜಲ್ಲಿ ಹಾಡಬೇಕು. ಇಷ್ಟೆಲ್ಲ ಹೇಳಿದ್ರಿ, ನಾನೇನು ಮಾಡಲಿ?" ನ್ಯಾಯವಾದ ಪ್ರಶ್ನೆ. ನನ್ನ ಭಾಷಣದ ಅರ್ಧ ಆಕೆಗೆ ಬೇಕಾಗಿಯೇ ಇರಲಿಲ್ಲ.

ಅಲ್ಲೇ ಕರೆದು ಕೂರಿಸಿದೆ. ಹಾಡುವ ಮೈಕ್ ಇನ್ನೊಂದಿತ್ತು, ಅದನ್ನು ಕುಳ್ಳ ಸ್ಟ್ಯಾಂಡಿಗೆ ಹಾಕಿ ಎಲ್ಲರೂ ಇಡುವ ಹಾಗೆ ತೂತಿನ ಎದುರೇ ಇಟ್ಟೆವು. ಧೊಂ ಧೊಂ ಅಂತು, ಫೇಡರ್ ಅರ್ಧ ಏರುವ ಮೊದಲೇ ಕೂಗಿತು. ಆಮೇಲೆ ಮೈಕನ್ನು ಕತ್ತು ಮೈಗೆ ಸೇರುವ ಕಡೆಗೆ, ಹನ್ನೆರಡನೇ ಫ್ರೆಟ್ ಹತ್ತಿರಕ್ಕೆ ಸರಿಸಿದೆವು, ಒಂದು ಗೇಣು ದೂರ, ಮೂತಿ ಸ್ವಲ್ಪ ತೂತಿನ ಕಡೆ ಓರೆ. ಲೋ ಕಟ್ ಒತ್ತಿದೆವು. ಎದುರಿನ ಮಾನಿಟರಿನಲ್ಲಿ ಆಕೆಯ ಗಿಟಾರ್ ಪೂರ್ತಿ ತೆಗೆದೆವು, ಹೇಗೂ ತೊಡೆಯ ಮೇಲಿನ ಗಿಟಾರ್ ಆಕೆಗೆ ಕೇಳಿಸುತ್ತದಲ್ಲ. ಈಗ ಬಂದಿದ್ದು ನನ್ನ ಪೀಜೋಗಿಂತ ಚೆನ್ನಾಗಿತ್ತು, ಮರದ ಸದ್ದು, ಗಾಳಿಯ ಸದ್ದು. ಜೋರು ಮಾತ್ರ ಬರುವುದಿಲ್ಲ, ತಬಲಾ ಡ್ರಮ್ ಪಕ್ಕದಲ್ಲಿದ್ದರೆ ಇದು ಸೋಲುತ್ತದೆ. ಒಬ್ಬಳೇ ಹಾಡುವುದಾದರೆ ಸಾಕು. ಅಲ್ಲಾಡದೆ ಕೂರಬೇಕು ಅಷ್ಟೆ, ಗಿಟಾರ್ ಆಚೀಚೆ ತೂಗಿದರೆ ಸದ್ದೂ ತೂಗುತ್ತದೆ.

"ಮತ್ತೆ ಫ್ಯಾನ್ ನೋಡ್ಕೋಮ್ಮ" ಅಂದೆ. ನಮ್ಮ ವೇದಿಕೆಗಳಲ್ಲಿ ಕಲಾವಿದರಿಗೆ ಸೆಕೆ ಆಗುತ್ತದೆ ಅಂತ ಪ್ರೀತಿಯಿಂದ ಒಂದು ಪೆಡೆಸ್ಟಲ್ ಫ್ಯಾನ್ ತಂದು ಪಕ್ಕದಲ್ಲಿ ನಿಲ್ಲಿಸುತ್ತಾರೆ, ಅದರ ಗಾಳಿ ನೇರ ಮೈಕಿಗೆ ಬಡಿಯುತ್ತದೆ. ಅದನ್ನು ಬೆನ್ನ ಹಿಂದೆ ಇಡಿಸು ಅಂದೆ. ಆಕೆ ಪುಸ್ತಕದಲ್ಲಿ ಅದನ್ನೂ ಬರೆದುಕೊಂಡಳು, "ಫ್ಯಾನ್" ಅಂತ, ಕೆಳಗೆ ಎರಡು ಗೆರೆ ಎಳೆದು.